ಶಂಕ್ರಮ್ಮ ಹಾಕಿದ ಬಾಗಿಲು

ತೆಲುಗು ಸೀಮೆಗೆ ಸೇರಿದ ರಾಯದುರ್ಗದ ಆ ಕನ್ನಡ ಓಣಿಯ ಹೆಂಗಸರಿಗೆ ಗಂಡಂದಿರನ್ನು ಹೆದರಿಸಲು ಒಂದು ಮಾತು ಸಿಕ್ಕಿತ್ತು. ಕುಡಿದು ಬಂದವನಿಗೆ, ಕೈ ಎತ್ತಿದವನಿಗೆ, ಹೇಳದೆ ಕೇಳದೆ ಬಳ್ಳಾರಿಯಲ್ಲಿ ಎರಡು ದಿನ ಉಳಿದು ಬಂದವನಿಗೆ "ಶಂಕ್ರಮ್ಮನಂಗ ಬಾಗ್ಲು ಹಾಕ್ತೀನಿ ನೋಡು" ಎಂದರೆ ಸಾಕು, ಗಂಡಸು ಸ್ವಲ್ಪ ಹೊತ್ತಾದರೂ ತೆಪ್ಪಗಾಗುತ್ತಿದ್ದ. ಮಾತು ಹುಟ್ಟಿ ಹನ್ನೊಂದು ವರ್ಷವಾಗಿತ್ತು. ಮಾತಿನ ಒಡತಿ ಶಂಕ್ರಮ್ಮ ಅದೇ ಓಣಿಯ ಕೊನೆಯ ಮನೆಯಲ್ಲಿ ನಾಲ್ಕು ಮೆಷಿನ್ನು ಹಾಕಿಕೊಂಡು, ಮೂರು ಹೆಂಗಸರಿಗೆ ಕೆಲಸ ಕೊಟ್ಟುಕೊಂಡು, ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದಳು. ತನ್ನ ಹೆಸರು ಹೀಗೆ ಮನೆಮನೆಯ ಜಗಳದಲ್ಲಿ ಓಡಾಡುವುದು ಆಕೆಗೆ ಗೊತ್ತಿತ್ತು. ಬೇಡ ಅಂದವಳಲ್ಲ. ಅಪ್ಪನಿಂದ ಬಂದದ್ದಿಲ್ಲ, ಗಂಡನಿಂದ ಬಂದದ್ದಿಲ್ಲ, ತಾನೇ ಗಳಿಸಿದ ಆಸ್ತಿ ಅಂತ ಆಕೆಗೆ ಇದ್ದದ್ದು ಆ ಹೆಸರೊಂದೇ.

ಕೆಲವರಿಗೆ ಕೋಪ ಮೂಗಿನ ತುದಿಯಲ್ಲಿ ಇರುತ್ತದೆ ಅನ್ನುತ್ತಾರೆ. ಶಂಕ್ರಮ್ಮನ ಕೋಪ ಮೂಗನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿತ್ತು. ಕತ್ತರಿಸಿದ ಬಟ್ಟೆಯ ಬಂಡಲ್ ತಂದು ಹಾಕುವ ಆಟೋದವನು ಸೈಜು ಕಲಸಿ ತಂದರೆ ಬೈಗುಳ, ಕರೆಂಟು ಹೋದರೆ ಬೈಗುಳ, ದಾರ ಹರಿದರೆ ದಾರಕ್ಕೇ ಬೈಗುಳ. ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾಳೆ ಎಂದು ಕೆಲಸದ ಹೆಂಗಸರು ತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಎದುರಿಗೆ ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಹುಟ್ಟಿದ್ದು ಬೊಮ್ಮನಹಾಳ್ ಕಡೆಯ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಹತ್ತು ವರ್ಷಕ್ಕೇ ಕುರಿಗಳ ಹಿಂದೆ ಬಿದ್ದವಳು. ದೂರಕ್ಕೆ ಕೇಳುವ ಆ ಗಂಟಲು ಬಂದದ್ದು ಅಲ್ಲಿಂದ. ಸಂಜೀವಪ್ಪನನ್ನು ಮದುವೆಯಾದಾಗ ರಾಯದುರ್ಗದ ಓಣಿ ಓಣಿಗೂ ಜೀನ್ಸ್ ಮೆಷಿನ್ನು ಬರುತ್ತಿದ್ದ ಕಾಲ. ಗಂಡ ಹೆಂಡತಿ ಇಬ್ಬರೂ ಬಂದು ಒಂದು ಶೆಡ್ಡು ಸೇರಿದರು. ಅವನು ಜೇಬು ಹೊಲಿದ. ಆಕೆ ಮೊದಲು ನೆಲದ ಮೇಲೆ ಕೂತು ದಾರ ಕತ್ತರಿಸಿದಳು, ಆಮೇಲೆ ಬೆಲ್ಟು ತೂರಿಸುವ ಲೂಪು ಹಚ್ಚಿದಳು, ಆಮೇಲೆ ಸೊಂಟದ ಪಟ್ಟಿ ಹಚ್ಚುವ ಮೆಷಿನ್ನಿಗೆ ಏರಿದಳು. ಮಗಳು ಶಿವಲೀಲಾಗೆ ಐದು ತುಂಬುವ ಹೊತ್ತಿಗೆ ಸಂಜೀವಪ್ಪನ ಕಣ್ಣಿಗೆ ರಾಯದುರ್ಗ ಸಣ್ಣದಾಗಿ ಕಂಡಿತು. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ. ತಿಂಗಳಿಗೊಮ್ಮೆ ಬರುತ್ತೇನೆ ಅಂದವನು ಹಬ್ಬಕ್ಕೊಮ್ಮೆ ಬಂದ, ಆಮೇಲೆ ಹಬ್ಬಕ್ಕೂ ಬರಲಿಲ್ಲ. ಮಡಕಶಿರಾ ಕಡೆಯ ಗುಡಿಬಂಡೆಯಿಂದ ಬಂದು ಅದೇ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸಿನ ಜೊತೆ ಮನೆ ಮಾಡಿದ್ದಾನೆ ಎಂಬ ಸುದ್ದಿ ಅವನಿಗಿಂತ ಮೊದಲೇ ಬಸ್ಸು ಹತ್ತಿ ರಾಯದುರ್ಗಕ್ಕೆ ಬಂತು. ಹೀಗೆ ಮೂರು ವರ್ಷ ಕಳೆಯಿತು.

ಆಮೇಲೆ ಒಂದು ಮಧ್ಯಾಹ್ನ ಸಂಜೀವಪ್ಪ ಬಂದ. ಶಂಕ್ರಮ್ಮ ಅವನ ಮುಖಕ್ಕೆ ಬಾಗಿಲು ಹಾಕಿದಳು.

ಆ ಕಡೆ ಹಗಲು ಹೊತ್ತಿನಲ್ಲಿ ಯಾರೂ ಮುಂಬಾಗಿಲು ಹಾಕುವುದಿಲ್ಲ. ಹಗಲಲ್ಲಿ ಬಾಗಿಲು ಹಾಕಿದೆ ಎಂದರೆ ಊರು ಬಿಟ್ಟು ಹೋದವರ ಮನೆ, ಇಲ್ಲವೇ ಮುಖ ತೋರಿಸಲಾಗದ ಕೆಲಸ ನಡೆದ ಮನೆ. ಎದುರು ಮನೆಯ ಈಶ್ವರಮ್ಮ ಕೊಡ ಎತ್ತಿಕೊಂಡು ನಲ್ಲಿಗೆ ಹೊರಟವಳು ಈ ದೃಶ್ಯವನ್ನು ಕಂಡಳು. ಓಣಿಯ ಉಳಿದವರೆಲ್ಲ ಶೆಡ್ಡುಗಳಲ್ಲಿದ್ದರು. ಸಂಜೆಗೆ ಈಶ್ವರಮ್ಮನ ಬಾಯಲ್ಲಿ ಸಂಜೀವಪ್ಪ ಒಂದು ತಾಸು ನಿಂತಿದ್ದ. ವಾರದೊಳಗೆ ಮೂರು ತಾಸು ಬಿಸಿಲಲ್ಲಿ ನಿಂತ. ತಿಂಗಳು ತುಂಬುವುದರೊಳಗೆ ಎದೆ ಬಡಿದುಕೊಂಡು ಅತ್ತ, ಹೊಸ್ತಿಲಿಗೆ ಹಣೆ ಹಚ್ಚಿದ, ಆದರೂ ಆ ಗಟ್ಟಿಗಿತ್ತಿ ಚಿಲಕ ಮುಟ್ಟಲಿಲ್ಲ. ಮೊದಮೊದಲು ಊರು ಉಗಿಯಿತು. ಮನೆಗೆ ಬಂದ ಗಂಡನನ್ನು ಬೀದಿಯಲ್ಲಿ ನಿಲ್ಲಿಸಿದವಳು ಎಂದು ಬೊಮ್ಮನಹಾಳಿನಿಂದ ಅಣ್ಣಂದಿರು ಬಂದು ಬೈದು ಹೋದರು. ಆದರೆ ಒಂದೊಂದೇ ಮನೆಯಲ್ಲಿ ಒಬ್ಬೊಬ್ಬ ಸಂಜೀವಪ್ಪ ಹುಟ್ಟಿಕೊಳ್ಳುತ್ತಿದ್ದ ಹಾಗೆ ಹೆಂಗಸರ ದನಿ ಬದಲಾಯಿತು. ಉಗಿದವರೇ ಈಗ ಆ ಬಾಗಿಲಿನ ಹೆಸರು ಹೇಳಿ ಗಂಡಂದಿರನ್ನು ಹದ್ದುಬಸ್ತಿನಲ್ಲಿಡುತ್ತಿದ್ದರು.

ಶಿವಲೀಲಾಗೆ ಈಗ ಹತ್ತೊಂಬತ್ತು. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಓದುವ ಹುಡುಗಿ. ಆ ವರ್ಷ ಕಾಲೇಜಿನವರು ನಾಟಕದ ತರಗತಿ ಶುರು ಮಾಡಿ, ಮಡಕಶಿರಾದಿಂದ ಗಂಗಣ್ಣ ಮೇಷ್ಟ್ರನ್ನು ಕರೆಸಿದ್ದರು. ಗಂಗಣ್ಣ ಹಾರ್ಮೋನಿಯಂ ಬಾರಿಸುತ್ತ ನಲವತ್ತು ವರ್ಷ ಹಳ್ಳಿ ಹಳ್ಳಿಯ ರೈತರಿಂದ ಪೌರಾಣಿಕ ನಾಟಕ ಆಡಿಸಿದ ಮನುಷ್ಯ. ಗದೆ ಹಿಡಿದವನಿಗೆ ಮಾತು ಮರೆತರೆ ಪೆಟ್ಟಿಗೆಯ ಮೇಲೊಂದು ಸ್ವರ ಎಳೆದು ಕಾಪಾಡುವುದು ಆತನ ವಿದ್ಯೆ. ಮುಂದಿನ ತಿಂಗಳು ಅನಂತಪುರದಲ್ಲಿ ನಾಟಕ ಸ್ಪರ್ಧೆ, ಅದಕ್ಕೆ ಮೊದಲು ರಾಯದುರ್ಗದ ಹೈಸ್ಕೂಲು ಬಯಲಿನಲ್ಲಿ ಒಂದು ಪ್ರಯೋಗ. ಗಾರ್ಮೆಂಟ್ಸಿನವರ ಮೇಲೆ ನಾವೇ ಒಂದು ನಾಟಕ ಕಟ್ಟೋಣ ಎಂದು ಹುಡುಗರು ತೀರ್ಮಾನಿಸಿದ್ದರು. ಕೂತು ಯೋಜನೆ ಮಾಡಲು ಜಾಗ ಬೇಕಿತ್ತು. ರಜೆಯ ದಿನ ಮೆಷಿನ್ನು ನಿಂತಿರುತ್ತವೆ, ನಮ್ಮ ಮನೆಗೇ ಬನ್ನಿ ಎಂದು ಶಿವಲೀಲಾ ಕರೆದಿದ್ದಳು.

ಹೀಗೆ ಆ ಭಾನುವಾರ ಶಂಕ್ರಮ್ಮನ ಮುಂದಿನ ಕೋಣೆಯಲ್ಲಿ, ಹೊಲಿದಿಟ್ಟ ಪ್ಯಾಂಟುಗಳ ರಾಶಿಯ ನಡುವೆ, ನಾಟಕದ ಸಭೆ ಸೇರಿತು. ನಾಟಕ ಬರೆಯುತ್ತಿದ್ದ ರಂಗನಾಥ್ ನೋಟ್‌ಬುಕ್ಕು ಬಿಚ್ಚಿಕೊಂಡು ಕೂತ. ಗಂಡನ ಪಾತ್ರದ ರಾಮಾಂಜಿ ಎಂಬ ಸಾಧು ಹುಡುಗ ಬಂಡಲಿಗೆ ಒರಗಿ ಕೂತ. ಗಂಗಣ್ಣ ಹಾರ್ಮೋನಿಯಂ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಬೆನ್ನು ಕೊಟ್ಟ. ಶಂಕ್ರಮ್ಮ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟು, ಒಳಬಾಗಿಲ ಹತ್ತಿರ ಕೂತು ಪ್ಯಾಂಟಿನ ದಾರ ಕತ್ತರಿಸತೊಡಗಿದಳು. ಗಾರ್ಮೆಂಟ್ಸಿನವರ ನಾಟಕ ಎಂದಷ್ಟೇ ಆಕೆಗೆ ಗೊತ್ತಿತ್ತು. ಯಾರ ಕಥೆ ಎಂದು ಕೇಳಿರಲಿಲ್ಲ.

ಮೊದಲ ದೃಶ್ಯ ಓದಿದಾಗಲೇ ತಿಳಿಯಿತು. ಒಂದು ಊರು, ಒಬ್ಬ ಹೆಂಗಸು, ಬೆಂಗಳೂರಿಗೆ ಹೋಗಿ ಕೂತ ಗಂಡ. ಶಂಕ್ರಮ್ಮನ ಕತ್ತರಿ ಒಂದು ಕ್ಷಣ ನಿಂತು ಮತ್ತೆ ಚಲಿಸಿತು. ಇರಲಿ, ಆಡಲಿ ಎಂದುಕೊಂಡಳು. ಒಳಗೊಳಗೇ ಸ್ವಲ್ಪ ಹಿಗ್ಗು ಕೂಡ ಆಯಿತು. ಓಣಿಯಲ್ಲಿ ಓಡಾಡುವ ಹೆಸರು ಬಯಲಿನ ದೀಪದ ಕೆಳಗೆ ನಿಲ್ಲುವುದಾದರೆ ಯಾರಿಗೆ ಬೇಡ.

ಆ ಹಿಗ್ಗು ಹತ್ತು ನಿಮಿಷವೂ ಬಾಳಲಿಲ್ಲ. ನಾಯಕಿಗೆ ಹರಿದ ಸೀರೆ ಉಡಿಸಬೇಕು, ಬಡತನ ಕಾಣಬೇಕು ಎಂದು ರಂಗನಾಥ್ ಓದಿದ. ಶಂಕ್ರಮ್ಮ ಅಲ್ಲಿಂದಲೇ ದನಿ ಎತ್ತಿದಳು. ಹೊಲಿಯುವ ಹೆಂಗಸು ಹರಿದ ಸೀರೆ ಉಡುತ್ತಾಳಾ, ಸೂಜಿ ದಾರ ಕೈಯಲ್ಲೇ ಇರುವವಳಿಗೆ ಒಂದು ಹೊಲಿಗೆ ಹಾಕಿಕೊಳ್ಳಲು ಬರುವುದಿಲ್ಲವಾ ಎಂದು ಕೇಳಿದಳು. ಹುಡುಗರು ನಕ್ಕು ತಿದ್ದಿಕೊಂಡರು. ನಾಯಕಿ ಮೆಷಿನ್ನಿನ ಮುಂದೆ ಕೂತು ಅಳುತ್ತ ಹೊಲಿಯುತ್ತಾಳೆ ಎಂದು ಬಂತು. ಅಳುತ್ತ ಹೊಲಿದರೆ ಸೂಜಿ ಬೆರಳಿಗೆ ಇಳಿಯುತ್ತದೆ, ಜೀನ್ಸಿನ ಮೆಷಿನ್ನು ಯಾರ ಕಣ್ಣೀರಿಗೂ ಕಾಯುವುದಿಲ್ಲ ಎಂದಳು. ಅದನ್ನೂ ತಿದ್ದಿಕೊಂಡರು. ಬಾಗಿಲಿನ ಬದಲು ಒಂದು ಪರದೆ ಇಳಿಬಿಟ್ಟರೆ ಸಾಕು ಎಂಬ ಮಾತು ಬಂದಾಗ ಆಕೆ ಕತ್ತರಿ ಕೆಳಗಿಟ್ಟಳು. ಪರದೆಗೆ ಚಿಲಕ ಇರುತ್ತದಾ, ಪರದೆ ಹಾಕಿದರೆ ಓಣಿಗೆ ಸದ್ದು ಕೇಳುತ್ತದಾ ಎಂದು ಕೇಳಿದಳು. ರಂಗನಾಥ್ ತಲೆ ಕೆರೆದುಕೊಂಡು, ಒಂದು ಹಳೆಯ ಬಾಗಿಲು ತರುವುದಾಗಿ ಬರೆದುಕೊಂಡ.

ಕೊನೆಯ ದೃಶ್ಯಕ್ಕೆ ಬಂದರು. ಗಂಡ ಬಿಸಿಲಲ್ಲಿ ನಿಂತು ಪಶ್ಚಾತ್ತಾಪದ ಮಾತಾಡುತ್ತಾನೆ. ಒಳಗೆ ಹೆಂಡತಿ ತಡೆಯುತ್ತಾಳೆ, ತಡೆಯುತ್ತಾಳೆ, ಕಡೆಗೆ ಬಾಗಿಲು ತೆಗೆಯುತ್ತಾಳೆ. ತಂಬಿಗೆಯ ನೀರಿನಲ್ಲಿ ಅವನ ಕಾಲು ತೊಳೆಯುತ್ತಾಳೆ. ಇಬ್ಬರೂ ಜೋಡಿಯಾಗಿ ನಿಂತಾಗ ಮಂಗಳಾರತಿ.

ಶಂಕ್ರಮ್ಮ ಎದ್ದು ನಿಂತಳು. ತೊಡೆಯ ಮೇಲಿದ್ದ ಪ್ಯಾಂಟುಗಳು ನೆಲಕ್ಕೆ ಬಿದ್ದವು.

"ಯಾರು ತಗಿದ್ರು? ಯಾರು ಕಾಲು ತೊಳದ್ರು? ಈ ಓಣಿಯಾಗ ಯಾರನ್ನಾದ್ರೂ ಕೇಳ್ಕಂಡು ಬರ್ರಿ ಹೋಗ್ರಿ. ನನ್ನ ಬಾಗ್ಲು ತಗ್ಯಾಕ ನೀವ್ಯಾರು?"

ರಂಗನಾಥ್ ಸಮಾಧಾನ ಹೇಳಲು ನೋಡಿದ. ಅನಂತಪುರದಲ್ಲಿ ತೀರ್ಪು ಕೊಡುವವರು ತೆಲುಗಿನವರು, ನಮ್ಮ ಕನ್ನಡ ಮಾತು ಅವರಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಹಾಗಾಗಿ ಕೊನೆಯ ದೃಶ್ಯ ಕಿವಿಗೆ ಬೇಡ, ಕಣ್ಣಿಗೆ ಕಾಣಬೇಕು. ಕಾಲು ತೊಳೆಯುವುದು ಯಾವ ಭಾಷೆಯವರಿಗೂ ತಿಳಿಯುತ್ತದೆ ಎಂದ. ಶಂಕ್ರಮ್ಮನ ಮೈ ಉರಿದುಹೋಯಿತು. ತೆಲುಗಿನವರಿಗೆ ತಿಳಿಯಲಿ ಅಂತ ನಾನು ಆ ಮನುಷ್ಯನ ಕಾಲು ಹಿಡಿಯಬೇಕಾ, ಬಾಗಿಲು ಹಾಕುವುದು ತೆಲುಗಿನವರಿಗೆ ತಿಳಿಯುವುದಿಲ್ಲವಾ, ಅವರ ಮನೆಗಳಿಗೆ ಬಾಗಿಲಿಲ್ಲವಾ ಎಂದು ಅಬ್ಬರಿಸಿದಳು. ರಂಗನಾಥ್ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡ.

ಆಗ ಗಂಗಣ್ಣ ಬಾಯಿ ಹಾಕಿದ. ಆತನಿಗೆ ಶಂಕ್ರಮ್ಮನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಕಲಿತ ಕ್ರಮ ಬಿಡಲಾರದ ಮನುಷ್ಯ, ಅಷ್ಟೆ.

"ನಾಟ್ಕ ಅಂದ್ಮೇಲೆ ಮಂಗ್ಳ ಆಗ್ಬೇಕು ಕಣಮ್ಮ. ಗಂಡ ಹೆಂಡ್ತಿ ಜೋಡಿಯಾಗಿ ನಿಂತು ಆರತಿ ತಗಳ್ದೆ ಪರದೆ ಬೀಳುಸ್ಬಾರ್ದು. ಹಂಗೆ ಬೀಳ್ಸಿದ್ರೆ ಆಡ್ದೋರ್ಗೂ ಒಳ್ಳೇದಲ್ಲ, ನೋಡ್ದೋರ್ಗೂ ಒಳ್ಳೇದಲ್ಲ."

ಹಾಗಾದರೆ ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಮಂಗಳವೇ ಇಲ್ಲವಾ, ನಾನು ಉಂಡದ್ದು, ದುಡಿದದ್ದು, ಮಗಳನ್ನು ಓದಿಸಿದ್ದು ಯಾವ ಲೆಕ್ಕ ಎಂದು ಶಂಕ್ರಮ್ಮ ತಿರುಗಿ ಕೇಳಿದಳು. ಗಂಗಣ್ಣ ಹಾರ್ಮೋನಿಯಂ ಮೇಲಿನ ಧೂಳನ್ನು ಅಂಗವಸ್ತ್ರದಿಂದ ಒರೆಸಿದ.

ಬೈಗುಳ ಮತ್ತೆ ರಂಗನಾಥನ ಕಡೆಗೆ ಹೊರಳಿತು. ಅಪ್ಪ ಅಮ್ಮ ಹೀಗೇನಾ ಕಲಿಸಿದ್ದು, ಕಂಡವರ ಮನೆಯ ಕಥೆಗೆ ಕೈ ಹಾಕಿ ತಿರುಚುವುದನ್ನೇ ಕಾಲೇಜು ಕಲಿಸುತ್ತದಾ ಎಂದು ಶುರುವಾದದ್ದು ಅವನ ಕುಲಗೋತ್ರದವರೆಗೆ ಹೋಗುವುದರಲ್ಲಿತ್ತು. ಪಾಪದ ಹುಡುಗ ಎಷ್ಟೆಂದು ತಾಳಿಯಾನು. ಆ ದೃಶ್ಯ ತಾನು ಬರೆದದ್ದಲ್ಲ, ಶಿವಲೀಲಾ ಬರೆದದ್ದು ಎಂದು ಹೇಳಿಬಿಟ್ಟ.

ಶಿವಲೀಲಾ ಮೆಷಿನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದವಳು ಅಲ್ಲೇ ಕೂತಿದ್ದಳು. ತಲೆ ತಗ್ಗಿಸಲಿಲ್ಲ. ತಾಯಿಯ ಕೋಪ ಆಕೆಗೂ ಬಂದಿತ್ತು, ಆದರೆ ಮಗಳಲ್ಲಿ ಅದು ಕೂಗುತ್ತಿರಲಿಲ್ಲ, ಕಚ್ಚಿಕೊಂಡು ಕೂರುತ್ತಿತ್ತು.

"ಹೌದು, ನಾನೇ ಬರದೀನಿ. ಅಪ್ಪ ಮೂರು ತಾಸು ಬಿಸಿಲಾಗ ನಿಂತಿದ್ದ. ನಾನು ನಿನ್ನ ಸೆರಗು ಹಿಡದು ತಗಿ ತಗಿ ಅಂದೆ, ನೀ ನನ್ನ ಕಪಾಳಕ್ಕ ಹೊಡದಿ. ಮೂರು ತಾಸಿನಾಗ ಒಂದು ಸಲ ತಗೀಬೇಕಿತ್ತಮ್ಮ ನೀನು. ಬೈಯ್ಯಾಕ ಆದ್ರೂ ತಗೀಬೇಕಿತ್ತು. ನೀ ತಗೀಲಿಲ್ಲ, ಅದಕ ನಾ ತಗಸೀನಿ."

ಇಡೀ ಓಣಿ ಹೆದರುವ ಶಂಕ್ರಮ್ಮನ ನಾಲಿಗೆಗೆ ಒಂದು ಮಾತೂ ಸಿಗಲಿಲ್ಲ. ಯಾಕೆಂದರೆ ಮಗಳು ಬರೆದದ್ದು ಪೂರ್ತಿ ಸುಳ್ಳಾಗಿರಲಿಲ್ಲ, ಮತ್ತು ಅದು ಸುಳ್ಳಲ್ಲ ಎಂದು ಗೊತ್ತಿದ್ದವಳು ಭೂಮಿಯ ಮೇಲೆ ಆಕೆಯೊಬ್ಬಳೇ.

ಅವತ್ತು ನಡೆದದ್ದು ಇಷ್ಟು. ಮಗುವಿಗೆ ಜ್ವರ ಎಂದು ಶಂಕ್ರಮ್ಮ ಕೆಲಸಕ್ಕೆ ಹೋಗಿರಲಿಲ್ಲ. ಓಣಿಯ ತಿರುವಿನಲ್ಲಿ ಬ್ಯಾಗು ಹಿಡಿದು ಬರುತ್ತಿದ್ದವನನ್ನು ಕಂಡಳು, ಎದ್ದಳು, ಬಾಗಿಲು ಹಾಕಿ ಚಿಲಕ ಜಡಿದಳು. ಅವನು ಎರಡು ಸಲ ತಟ್ಟಿದ. "ಶಂಕ್ರಿ, ಬಾಗ್ಲು ತಗಿ" ಎಂದು ಒಂದು ಸಲ ಕರೆದ. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಗು ಎದ್ದು ಸೆರಗು ಜಗ್ಗಿತು. ಬಂದ ಸಿಟ್ಟಿನಲ್ಲಿ ಆಕೆ ಹೊಡೆದಳು. ಅದು ಅತ್ತು ಅತ್ತು ಜ್ವರದ ಮಂಪರಿನಲ್ಲಿ ಹಾಗೇ ನಿದ್ದೆ ಹೋಯಿತು. ಹೊರಗೆ ಅವನು ಬೀಡಿ ಹಚ್ಚಿದ್ದು ಬಾಗಿಲ ಸಂದಿನಿಂದ ಬಂದ ವಾಸನೆಯಲ್ಲಿ ತಿಳಿಯಿತು. ಶಂಕ್ರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬೈಗುಳ ಜೋಡಿಸಿಕೊಳ್ಳತೊಡಗಿದಳು. ಮೊದಲು ಯಾವುದು, ಆಮೇಲೆ ಯಾವುದು. ಮೂರು ವರ್ಷದ್ದು, ಸಣ್ಣದಲ್ಲ. ಕಾಗದ ಇಲ್ಲದ್ದು, ಫೋನು ಇಲ್ಲದ್ದು, ಗುಡಿಬಂಡೆಯವಳದ್ದು, ಮಗುವಿನ ಜ್ವರದ್ದು. ಎಲ್ಲ ಅಂದಾದ ಮೇಲೆ ಅವನು ಏನಂತಾನೆ, ತಾನೇನು ಮಾಡಬೇಕು ಎಂಬುದನ್ನೂ ಯೋಚಿಸಿದಳು. ಹೊರಗಟ್ಟುತ್ತಿದ್ದಳೋ, ಒಳಗೆ ಕರೆಯುತ್ತಿದ್ದಳೋ, ಅದು ಆಕೆಗೇ ಇವತ್ತಿಗೂ ತಿಳಿಯದು. ಬೀಡಿಯ ವಾಸನೆ ನಿಂತಾಗ ಚಿಲಕ ಕಿತ್ತು ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದಳು.

ಹೊಸ್ತಿಲ ಹೊರಗೆ ಬಿಸಿಲು ಬಿಟ್ಟು ಯಾರೂ ಇರಲಿಲ್ಲ. ಬೀಡಿಯ ತುಂಡು ಮೆಟ್ಟಿಲ ಕಲ್ಲಿನ ಮೇಲೆ ಇನ್ನೂ ಹೊಗೆಯಾ‌ಡುತ್ತಿತ್ತು. ತಿರುವಿನ ತನಕ ಬರಿಗಾಲಿನಲ್ಲಿ ಹೋಗಿ ನೋಡಿದಳು. ಹಿಂದಕ್ಕೆ ಬಂದು ತುಂಡನ್ನು ಚರಂಡಿಗೆ ಒದ್ದು, ಮತ್ತೆ ಬಾಗಿಲು ಹಾಕಿಕೊಂಡಳು. ನಲ್ಲಿಯ ಸರದಿ ಮುಗಿಸಿ ಈಶ್ವರಮ್ಮ ಮರಳುವಾಗ ಬಾಗಿಲು ಹಾಕಿಯೇ ಇತ್ತು. ನಡುವಿನ ಹೊತ್ತನ್ನು ಆ ಪುಣ್ಯಾತ್ಗಿತ್ತಿ ತನ್ನ ಇಷ್ಟದಂತೆ ತುಂಬಿಕೊಂಡಳು. ಆ ಕಥೆ ತಿರುಗಿ ತನ್ನ ಕಿವಿಗೆ ಬಿದ್ದಾಗ ಶಂಕ್ರಮ್ಮ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮನಿದ್ದಳು. ಆ ಸುಮ್ಮನಿದ್ದದ್ದೇ ಹೆಸರಾಯಿತು. ಜೋಡಿಸಿಕೊಂಡ ಬೈಗುಳ ಮಾತ್ರ ಬಾಯಲ್ಲೇ ಉಳಿಯಿತು. ಅಂದಿನಿಂದ ಆಟೋದವನಿಗೂ ಕರೆಂಟಿಗೂ ದಾರಕ್ಕೂ ಸಿಕ್ಕಿದ್ದು ಅದರ ಚೂರುಪಾರುಗಳೇ.

ಈಗ ಹುಡುಗರೆಲ್ಲ ಆಕೆಯ ಮುಖ ನೋಡುತ್ತಿದ್ದರು. ಏನಾದರೂ ಹೇಳುತ್ತಾಳೆ ಎಂದು ಕಾದರು. ಹೇಳಿದರೆ ಹನ್ನೊಂದು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಮಗಳ ಮನಸ್ಸಿನಲ್ಲಿ ಆ ಮನುಷ್ಯ ಇನ್ನೂ ಬಿಸಿಲಲ್ಲಿ ನಿಂತೇ ಇರುತ್ತಾನೆ. ಶಂಕ್ರಮ್ಮನಿಗೆ ಎರಡರ ಮೇಲೂ ಸಿಟ್ಟು ಬಂತು. ಹೋದವನ ಮೇಲೆ ಬಂದ ಸಿಟ್ಟಂತೂ ಅವತ್ತಿನಷ್ಟೇ ಬಿಸಿಯಾಗಿತ್ತು. ಇಲ್ಲಿ ಇಲ್ಲದೆಯೂ, ಒಂದು ಮಾತು ಆಡದೆಯೂ, ಮಗಳನ್ನು ತನ್ನ ಕಡೆ ಮಾಡಿಕೊಂಡು ಕೂತಿದ್ದನಲ್ಲ.

ಜಗಳ ಬೆಳೆಯುವುದು ಬೇಡ ಎಂದು ಗಂಗಣ್ಣ ನಡುವೆ ಬಂದ. ಎರಡು ಥರದಲ್ಲೂ ಒಂದೊಂದು ಸಲ ಆಡಿ ನೋಡೋಣ, ಯಾವುದು ನಿಲ್ಲುತ್ತದೋ ಅದನ್ನು ಇಟ್ಟುಕೊಳ್ಳೋಣ ಎಂದ. ಹಳ್ಳಿಯಲ್ಲಿ ಇಬ್ಬರು ಭೀಮಂದಿರು ಒಂದೇ ಪಾತ್ರಕ್ಕೆ ಬಿದ್ದಾಗ ತಾನು ಹೀಗೇ ಬಗೆಹರಿಸುತ್ತಿದ್ದೆ ಎಂದೂ ಸೇರಿಸಿದ. ಶಿವಲೀಲಾ ನಾಯಕಿಯ ಪಾತ್ರಕ್ಕೆ ಏಳುವಷ್ಟರಲ್ಲಿ ಶಂಕ್ರಮ್ಮ ಆಕೆಯನ್ನು ತಡೆದಳು. ಪರದೆಯೂ ಬೇಡ, ಹಳೆಯ ಬಾಗಿಲೂ ಬೇಡ, ಬಾಗಿಲು ಇಲ್ಲೇ ಇದೆ, ಹಾಕಿದವಳೂ ಇಲ್ಲೇ ಇದ್ದಾಳೆ, ನೀವು ಮೂವರೂ ಹೊರಗೆ ನಡೆಯಿರಿ ಎಂದಳು. ಗಂಡಸರು ಮೂವರೂ ಹೊರಗೆ ಹೋದರು. ಶಂಕ್ರಮ್ಮ ಬಾಗಿಲು ಹಾಕಿ ಚಿಲಕ ಜಡಿದಳು.

ಹನ್ನೊಂದು ವರ್ಷದ ಮೇಲೆ ಆ ಬಾಗಿಲು ಹಗಲಲ್ಲಿ ಮುಚ್ಚಿದ್ದು ಓಣಿಗೆ ಕಾಣದೆ ಇರುತ್ತದೆಯೇ. ರಜೆಯ ದಿನ ಬೇರೆ. ಒಬ್ಬೊಬ್ಬರೇ ತಮ್ಮ ತಮ್ಮ ಹೊಸ್ತಿಲಿಗೆ ಬಂದು ನಿಂತರು. ಈಶ್ವರಮ್ಮ ಎಲ್ಲರಿಗಿಂತ ಮುಂದೆ ಬಂದು ನಿಂತಳು.

ಒಳಗೆ ತಾಯಿ ಮಗಳು ಇಬ್ಬರೇ. ಶಂಕ್ರಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಶಿವಲೀಲಾ ಎದುರಿಗೆ ನಿಂತಳು. ಹೊರಗಿನಿಂದ ರಾಮಾಂಜಿ ಪಶ್ಚಾತ್ತಾಪದ ಮಾತು ಶುರು ಮಾಡಿದ. ಒಳ್ಳೆಯ ಹುಡುಗ, ಒಂದಕ್ಷರ ಬಿಡದೆ ಹೇಳಿದ. ತಪ್ಪಾಯಿತು ಅಂದ, ಕಣ್ಣು ತೆರೆಯಿತು ಅಂದ, ಮಗಳ ಮುಖ ಒಂದು ಸಲ ತೋರಿಸು ಅಂದ. ಆ ಮಾತಿಗೆ ಶಿವಲೀಲಾಳ ಗಲ್ಲ ನಡುಗಿದ್ದನ್ನು ಶಂಕ್ರಮ್ಮ ಕಂಡಳು. ಬರೆದವಳೂ ಅವಳೇ, ಕರಗಿದವಳೂ ಅವಳೇ.

ರಾಮಾಂಜಿಯ ಮಾತು ಮುಗಿಯಿತು. ಬಾಗಿಲು ತೆಗೆಯಲಿಲ್ಲ. ಅವನು ಕಾದ. ಗಂಗಣ್ಣ ಕೆಮ್ಮಿದ ಮೇಲೆ ರಾಮಾಂಜಿಯೇ ಕೇಳಿದ.

"ಅಮ್ಮಾರ, ಡೈಲಾಗು ಮುಗೀತ್ರಿ. ಎಷ್ಟೊತ್ತು ನಿಂದ್ರಬೇಕ್ರಿ?"

"ಮೂರು ತಾಸು," ಎಂದಳು ಶಿವಲೀಲಾ ಒಳಗಿನಿಂದ, ತಾಯಿಯ ಕಣ್ಣಿನಿಂದ ಕಣ್ಣು ಕದಲಿಸದೆ.

ಶಂಕ್ರಮ್ಮ ಆ ಕಣ್ಣನ್ನೇ ನೋಡುತ್ತ, ಹೊರಗಿನವನಿಗೆ ಹೇಳಿದಳು.

"ಅಲ್ಲಪ್ಪ. ಒಂದು ಬೀಡಿ ಮುಗಿಯೋ ತನಕ ನಿಂದ್ರು. ಆಮ್ಯಾಲೆ ಹೋಗು."

ಹುಡುಗನಿಗೆ ಅರ್ಥವಾಗಲಿಲ್ಲ. ಬಾಗಿಲು ತೆಗೆಯುವ ಮೊದಲೇ ಹೋಗಬೇಕೇನ್ರಿ, ಹಾಗಾದರೆ ಬಾಗಿಲು ತೆಗೆಯುವುದು ಯಾವಾಗ ಎಂದು ಕೇಳಿದ.

"ನೀ ಹೋದ ಮ್ಯಾಲೆ ತಗೀತಾಳ."

ಹೊರಗೆ ರಾಮಾಂಜಿ ಇಲ್ಲದ ಬೀಡಿಯನ್ನು ಹಚ್ಚಿ ಇಲ್ಲದ ಹೊಗೆ ಬಿಟ್ಟ. ಹೇಳಿದಂತೆ ನಡೆದು ಹೋಗಿ ಎದುರು ಗೋಡೆಯ ನೆರಳಿನಲ್ಲಿ ಗಂಗಣ್ಣನ ಪಕ್ಕಕ್ಕೆ ನಿಂತ. ಅವನ ಚಪ್ಪಲಿಯ ಸದ್ದು ದೂರವಾದದ್ದು ಒಳಗಿನ ಇಬ್ಬರಿಗೂ ಕೇಳಿಸಿತು.

ಶಿವಲೀಲಾ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. ಅವತ್ತು ಬಾಗಿಲು ತೆಗೆದಿದ್ದೆಯಾ ಎಂದು ಕೇಳಿದಳು. ಶಂಕ್ರಮ್ಮ ತಲೆಯಾಡಿಸಿದಳು. ಬೈಯಲು ತೆಗೆದಿದ್ದೆ, ಕೇಳಲು ಮನುಷ್ಯನೇ ಇರಲಿಲ್ಲ, ನೀನು ಜ್ವರದಲ್ಲಿ ಮಲಗಿದ್ದೆ ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಮಗಳು ಕೇಳಿದಳು. ಆ ದನಿಯಲ್ಲಿ ಕನಿಕರ ಇರಲಿಲ್ಲ, ಸಿಟ್ಟಿತ್ತು.

"ಬಾಗ್ಲು ಹಾಕಿದಾಕಿ ಅಂದ್ರ ಊರು ಹೆದರ್ತೈತೆ," ಎಂದಳು ಶಂಕ್ರಮ್ಮ. "ತಗದು ನೋಡಿದಾಕಿ ಅಂದ್ರ ನಗ್ತೈತೆ."

ಶಿವಲೀಲಾ ತಾಯಿಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಚಿಲಕ ಕಿತ್ತು ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆಗೆದಳು. ತಾನು ಅವತ್ತು ಹೇಗೆ ತೆಗೆದಿದ್ದೆ ಎಂದು ಶಂಕ್ರಮ್ಮ ಹೇಳಿಕೊಟ್ಟಿರಲಿಲ್ಲ. ಹೊಸ್ತಿಲ ಹೊರಗೆ ಬಿಸಿಲಿತ್ತು. ಮೆಟ್ಟಿಲ ಕಲ್ಲು ಖಾಲಿ ಇತ್ತು. ಆಚೆ ಓಣಿಯ ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಬಾಗಿಲು ತೆರೆಯಿತು, ಇನ್ನು ಮಂಗಳ ಎಂದುಕೊಂಡು ಗಂಗಣ್ಣ ಹಾರ್ಮೋನಿಯಂಗಾಗಿ ಒಳಗೆ ಬರಲು ಒಂದು ಹೆಜ್ಜೆ ಇಟ್ಟವನು, ಹುಡುಗಿಯ ಮುಖ ನೋಡಿ ಅಲ್ಲೇ ನಿಂತ.

ಶಿವಲೀಲಾ ಯಾರನ್ನೂ ನೋಡಲಿಲ್ಲ. ಆ ಖಾಲಿ ಕಲ್ಲಿನ ಕಡೆ ಬೆರಳು ಮಾಡಿ, ಕುರಿಗಳನ್ನು ಕೂಗಿ ಕರೆದ ತಾಯಿಯ ಗಂಟಲಿನಲ್ಲಿ, ಇಡೀ ಓಣಿಗೆ ಕೇಳುವಂತೆ ಕೇಳಿದಳು:

"ಅಪ್ಪಾ, ಹನ್ನೊಂದು ವರ್ಷ ನಿನ್ನ ಕಡೆ ಮಾತಾಡೀನಿ ನಾನು. ಇನ್ನೊಂದು ಬೀಡಿ ಹಚ್ಚಾಕ ಆಗ್ಲಿಲ್ಲೇನು ನಿನಗ?"

ಈಶ್ವರಮ್ಮನಿಗೂ ಅದು ಕೇಳಿಸಿತು, ಓಣಿಯ ಎಲ್ಲರಿಗೂ ಕೇಳಿಸಿತು. ಶಂಕ್ರಮ್ಮ ಮಗಳ ಹಿಂದೆ ಬಂದು ನಿಂತಳು. ಅವತ್ತು ಬಾಗಿಲಿಗೆ ಬೆನ್ನು ಕೊಟ್ಟು ಜೋಡಿಸಿಟ್ಟ ಅಷ್ಟೂ ಬೈಗುಳದಲ್ಲಿ ಈ ಒಂದು ಮಾತು ಇರಲಿಲ್ಲ.